ಢ್ಯಾಂಗ್ರೋ ನಡೆದ ದಾರಿ

ಮೊದಲ ದಿನ: ಕಾಠ್ಮಂಡು, ಪಾಟನ್

ನೇಪಾಳದ ಮಂತ್ರವಾದಿಗಳು ಬಾರಿಸುವ ಢ್ಯಾಂಗ್ರೋ ಎಂಬ ಚರ್ಮವಾದ್ಯವನ್ನು ನಾನು ಮೊದಲು ಕಂಡದ್ದು ಥಮೇಲ್ ಬೀದಿಯ ಒಂದು ಅಂಗಡಿಯ ಗೋಡೆಯ ಮೇಲೆ, ಬೆಲೆಚೀಟಿಯ ಸಮೇತ. ಮುಖವಾಡಗಳಿಗೂ ಕಂಚಿನ ಬಟ್ಟಲುಗಳಿಗೂ ನಡುವೆ ಒಂದು ಮೊಳೆಗೆ ನೇತುಬಿದ್ದಿತ್ತು. ಜರಡಿಯಷ್ಟು ಅಗಲದ ಮರದ ಬಳೆ, ಎರಡೂ ಬದಿಗೆ ಚರ್ಮ, ಚರ್ಮದ ಅಂಚುಗಳನ್ನು ಒಂದಕ್ಕೊಂದು ಎಳೆದು ಬಿಗಿದ ಬೆತ್ತದ ಸೀಳುಗಳು. ಕೆಳಗೆ ಕೆತ್ತನೆಯ ಹಿಡಿ. ಆ ಹಿಡಿಯಲ್ಲಿ ಮೇಲೆ ಮುಖಗಳು, ನಡುವೆ ಹೆಣೆದುಕೊಂಡ ನಾಗಗಳು, ತುದಿಯಲ್ಲಿ ಮೂರು ಅಲಗಿನ ಚೂರಿ. ಈ ಚೂರಿಗೆ ಅಲ್ಲಿ ಫುರ್ಬಾ ಎನ್ನುತ್ತಾರೆ. ಕೆಡುಕನ್ನು ನೆಲಕ್ಕೆ ನೆಟ್ಟು ನಿಲ್ಲಿಸುವ ಆಯುಧ ಅದು. ಬಾರಿಸುವುದಕ್ಕೆ ಗಜೋ ಎಂಬ ಕೋಲು, ಹಾವು ಹರಿದಂತೆ ಬಾಗಿದ ಬೆತ್ತ.

ಅಂಗಡಿಯವನು ಕೆಳಗಿಳಿಸಿ ನಾಲ್ಕು ಪೆಟ್ಟು ಹೊಡೆದು ತೋರಿಸಿದ. ಒಳಗೆ ಕಾಳಿನಂಥದ್ದೇನೋ ಗಲಗುಟ್ಟಿತು. "ಧ್ಯಾನಕ್ಕೆ ಬಹಳ ಒಳ್ಳೆಯದು ಸರ್, ಒತ್ತಡ ಕಳೆಯುತ್ತದೆ" ಎಂದ. ಒಂಬತ್ತು ಸಾವಿರ ನೇಪಾಳಿ ರೂಪಾಯಿ. ನೂರು ಭಾರತೀಯ ರೂಪಾಯಿಗೆ ಅಲ್ಲಿಯ 160 ಎಂಬ ಲೆಕ್ಕದಲ್ಲಿ ಮನಸ್ಸಿನಲ್ಲೇ ಭಾಗಿಸಿ, ಒತ್ತಡ ಇನ್ನಷ್ಟು ಹೆಚ್ಚಿಸಿಕೊಂಡು, ಹೊರಬಂದೆ.

ಮಧ್ಯಾಹ್ನ ಪಾಟನ್‌ಗೆ ಹೋದೆ. ಅಲ್ಲಿ ಕುಂಭೇಶ್ವರ ದೇವಸ್ಥಾನವಿದೆ. ಐದು ಚಾವಣಿಗಳ ಪಗೋಡ, 1392ರಲ್ಲಿ ಕಟ್ಟಿದ್ದು. 2015ರ ಭೂಕಂಪದಲ್ಲಿ ಪೆಟ್ಟು ತಿಂದು ಮತ್ತೆ ಎದ್ದು ನಿಂತಿದೆ. ಶ್ರಾವಣದ ಹುಣ್ಣಿಮೆಗೆ, ಅಂದರೆ ಜನೈ ಪೂರ್ಣಿಮೆಗೆ, ಇಲ್ಲಿಯ ಕೊಳದ ನಡುವೆ ಬೆಳ್ಳಿ ಕವಚದ ಲಿಂಗವನ್ನು ಇಡುತ್ತಾರೆ. ಬಿಳಿ ನಿಲುವಂಗಿ ತೊಟ್ಟ ಝಾಂಕ್ರಿಗಳು, ಅಂದರೆ ದೇವರುಗಳನ್ನು ಕರೆದು ರೋಗ ಕಳೆಯುವ ಮಂತ್ರವಾದಿಗಳು, ಢ್ಯಾಂಗ್ರೋ ಬಾರಿಸುತ್ತಾ ಬಂದು ಕುಣಿಯುತ್ತಾರೆ. ಕೊಳದ ನೀರು 4,380 ಮೀಟರ್ ಎತ್ತರದ ಗೋಸಾಯಿಂಕುಂಡದಿಂದ ನೆಲದೊಳಗೇ ಹರಿದು ಬರುತ್ತದೆ ಎಂಬುದು ನಂಬಿಕೆ. ನಾನು ಹೊರಟಿದ್ದು ಆ ಗೋಸಾಯಿಂಕುಂಡಕ್ಕೆ. ಕಟ್ಟೆಯ ಮೇಲೆ ಕುಳಿತಿದ್ದ ನೇವಾರ ಹಿರಿಯರೊಬ್ಬರಿಗೆ ಅದನ್ನು ಹೇಳಿದಾಗ, ಅವರು ನನ್ನ ಮಂಡಿಗಳನ್ನು ನೋಡಿ, "ನೀರೇ ಇಲ್ಲಿಗೆ ಇಳಿದು ಬರುವಾಗ ನೀವು ಯಾಕೆ ಹತ್ತುತ್ತೀರಿ?" ಎಂದರು. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಝಾಂಕ್ರಿ ಎಂಬುದು ನೇಪಾಳಿ ಭಾಷೆಯ ಸಾಮಾನ್ಯ ಹೆಸರು. ತಮಾಂಗರಲ್ಲಿ ಇವರು ಬೊಂಬೊ, ಗುರುಂಗರಲ್ಲಿ ಪಚ್ಯೂ, ಉತ್ತರದ ಮಗರರಲ್ಲಿ ರಮ್ಮಾ, ಲಿಂಬುಗಳಲ್ಲಿ ಫೆದಂಗ್ಮಾ. ಇಂಥವರಿಗೆ ಪ್ರಪಂಚವೆಲ್ಲ ಬಳಸುವ ಶಾಮನ್ ಎಂಬ ಮಾತು ಸೈಬೀರಿಯಾದ ಇವೆಂಕಿ ಜನರದು. ಒಂದೇ ಪದದ ಕೊಡೆಯ ಕೆಳಗೆ ಇಷ್ಟು ಜನರನ್ನು ನಿಲ್ಲಿಸುವುದು ಸರಿಯೇ ಎಂಬ ಜಗಳ ಪಂಡಿತರದು. ನನಗೆ ಕುತೂಹಲವಿದ್ದದ್ದು ಅವರೆಲ್ಲರ ಕೈಯಲ್ಲೂ ಇರುವ ಚರ್ಮದ ಬಳೆಯ ಬಗ್ಗೆ.

ಎರಡನೆಯ ದಿನ: ಧುಂಚೆ

ಕಾಠ್ಮಂಡುವಿನ ಮಾಛಾಪೋಖರಿಯಿಂದ ಬೆಳಿಗ್ಗೆ ಬಸ್ಸು. ತ್ರಿಶೂಲಿ ಬಜಾರ್‌ವರೆಗೆ ರಸ್ತೆ, ಅದರಾಚೆಗೆ ಬಹುಪಾಲು ಕೆಸರು. ಬೇತ್ರಾವತಿಯಲ್ಲಿ ಮುದುಕರೊಬ್ಬರು ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ತೊಡೆಯ ಮೇಲೆ ಹಳೆಯ ಶಾಲಿನಲ್ಲಿ ಸುತ್ತಿದ ದುಂಡನೆಯ ಗಂಟು. ನಿರ್ವಾಹಕ ಹುಡುಗ ಅದನ್ನು ಮೇಲಿಡಲು ಕೈಚಾಚಿದಾಗ ಅವರು ಮಾತಾಡದೆ ಅವನ ಕೈಯನ್ನು ಮೆಲ್ಲಗೆ ಸರಿಸಿದರು. ಹುಡುಗ ಕೂಡಲೇ ಕೈ ಹಿಂದಕ್ಕೆಳೆದುಕೊಂಡ.

ರಾಮ್ಚೆಯ ಬಳಿ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಎಲ್ಲರೂ ಇಳಿದು ಮಣ್ಣಿನ ಮೇಲೆ ನಡೆದು ಆಚೆ ನಿಂತ ಇನ್ನೊಂದು ಬಸ್ಸು ಹಿಡಿಯಬೇಕು. ನಾನು ಎರಡು ಸಲ ಜಾರಿದೆ. ಮುದುಕರು ಗಂಟನ್ನು ಎದೆಗವಚಿಕೊಂಡು, ರಬ್ಬರ್ ಚಪ್ಪಲಿಯಲ್ಲಿ, ಅಂಗಳ ದಾಟುವವರಂತೆ ದಾಟಿದರು. ಧುಂಚೆಯಲ್ಲಿ ನನಗಾಗಿ ಕಾದಿದ್ದ ಹಾದಿಗಾರ ಹುಡುಗ ಅವರನ್ನು ಕಂಡವನೇ ಬಾಗಿ, "ಮೇಮೆ" ಎಂದ. ತಮಾಂಗ ಮಾತಿನಲ್ಲಿ ಅಜ್ಜ. "ನಮ್ಮ ಊರಿನ ಬೊಂಬೊ, ದಾಯಿ (ಅಣ್ಣಾ). ಅವರೂ ಕುಂಡಕ್ಕೇ ಹೊರಟಿದ್ದಾರೆ" ಎಂದು ಆಮೇಲೆ ನನಗೆ ಹೇಳಿದ.

ಲಾಂಗ್ಟಾಂಗ್ ರಾಷ್ಟ್ರೀಯ ಉದ್ಯಾನದ ಪ್ರವೇಶಕ್ಕೆ ಸಾರ್ಕ್ ದೇಶದವರಿಗೆ 1,500 ನೇಪಾಳಿ ರೂಪಾಯಿ. ಚೀಟಿ ಕೊಂಡು, ದಾಲ್‌ಭಾತ್ ಉಂಡು ಮಲಗಿದೆ.

ಮೂರನೆಯ ದಿನ: ಚಂದನಬಾರಿ

ಧುಂಚೆ ಸುಮಾರು ಎರಡು ಸಾವಿರ ಮೀಟರ್ ಎತ್ತರದಲ್ಲಿದೆ, ಚಂದನಬಾರಿ ಮೂರು ಸಾವಿರದ ಮುನ್ನೂರು. ಒಂದೇ ದಿನದಲ್ಲಿ ಇಷ್ಟು ಹತ್ತಬಾರದು ಎಂದು ಪುಸ್ತಕಗಳು ಹೇಳುತ್ತವೆ. ಹತ್ತದೆ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಈ ಗುಡ್ಡ ಹೇಳುವುದಿಲ್ಲ. ದೇವರಾಲಿಯ ತನಕ ಮೆಟ್ಟಿಲು, ಮಳೆ, ಜಿಗಣೆ.

ನನ್ನ ಉಸಿರು ಸರಿಹೋಗಲೆಂದು ಹುಡುಗ ಕತೆ ಹೇಳುತ್ತಿದ್ದ. ಕಾಡಿನಲ್ಲಿ ಬನ್‌ಝಾಂಕ್ರಿ ಎಂಬವನಿದ್ದಾನೆ. ಕುಳ್ಳ, ಮೈತುಂಬ ಕೂದಲು, ಕೈಯಲ್ಲಿ ಚಿನ್ನದ ಢ್ಯಾಂಗ್ರೋ. ಮನಸ್ಸು ಶುದ್ಧವಾಗಿರುವ ಮಕ್ಕಳನ್ನು ಎತ್ತಿಕೊಂಡು ಹೋಗಿ ಗುಹೆಯಲ್ಲಿಟ್ಟು ಮಂತ್ರವನ್ನೂ ಬಾರಿಸುವುದನ್ನೂ ಕಲಿಸುತ್ತಾನೆ. ಹೆಂಡತಿ ಬನ್‌ಝಾಂಕ್ರಿನಿಗೆ ಮಕ್ಕಳೆಂದರೆ ಊಟ. ಅವಳ ಕಣ್ಣು ತಪ್ಪಿಸಿ ಕಲಿತವನು ಝಾಂಕ್ರಿಯಾಗಿ ಊರಿಗೆ ಬರುತ್ತಾನೆ. ಒಲ್ಲದವನನ್ನು ಎತ್ತಿಕೊಂಡ ಜಾಗಕ್ಕೇ ತಂದು ಬಿಡುತ್ತಾನಂತೆ. "ಮೇಮೆಯನ್ನೂ ಎತ್ತಿಕೊಂಡು ಹೋಗಿದ್ದನೇ?" ಎಂದೆ. "ಏಳು ದಿನ ಇರಲಿಲ್ಲವಂತೆ. ಆಗ ಅವರಿಗೆ ಒಂಬತ್ತು ವರ್ಷ. ಮನೆಯವರು ಸತ್ತನೆಂದು ಅತ್ತು ಮುಗಿಸಿದ್ದರು." ಹುಡುಗ ಇದನ್ನು ಶಾಲೆಗೆ ಸೇರಿಸಿದ ಸುದ್ದಿಯಂತೆ ಹೇಳಿದ.

ದಾರಿಯಲ್ಲಿ ಯುವಕರ ಗುಂಪೊಂದು ಚಕ್ಕೆಯಂಥ ಪುಟ್ಟ ಚರ್ಮವಾದ್ಯ ಬಾರಿಸಿ ಹಾಡುತ್ತಾ ನಮ್ಮನ್ನು ದಾಟಿತು. "ಇದೂ ಢ್ಯಾಂಗ್ರೋ ಏನು?" ಎಂದದ್ದಕ್ಕೆ ಹುಡುಗನಿಗೆ ನಿಜಕ್ಕೂ ನೋವಾಯಿತು. ಅದು ಡಂಫು. ಒಂದೇ ಬದಿಗೆ ಚರ್ಮ, ಸುತ್ತ ಮೂವತ್ತೆರಡು ಬಿದಿರಿನ ಬೆಣೆ, ಬುದ್ಧನ ಮೂವತ್ತೆರಡು ಲಕ್ಷಣಗಳಿಗೆ ಒಂದೊಂದರಂತೆ. ಸೆಲೊ ಹಾಡಿಗೆ, ಮದುವೆಗೆ, ಹುಡುಗಿಯರನ್ನು ರೇಗಿಸುವುದಕ್ಕೆ ಅದು. ಡಂಫುವನ್ನು ಯಾರೂ ಬಾರಿಸಬಹುದು. ಢ್ಯಾಂಗ್ರೋವನ್ನು, ಸುಮ್ಮನೆ ಮೂಲೆಯಲ್ಲಿದ್ದರೂ, ಬೊಂಬೊ ಅಲ್ಲದವನು ಮುಟ್ಟುವುದಿಲ್ಲ. ಥಮೇಲ್‌ನ ಅಂಗಡಿಯವನನ್ನು ನೆನೆದು ಸುಮ್ಮನಾದೆ.

ಚಂದನಬಾರಿಯಲ್ಲಿ ಚೀಸ್ ಮಾಡುವ ಕಾರ್ಖಾನೆಯಿದೆ. ಅದರ ರುಚಿ ನೋಡಬೇಕೆಂದಿದ್ದೆ, ತಲೆನೋವು ಬಿಡಲಿಲ್ಲ.

ನಾಲ್ಕನೆಯ ದಿನ: ಲೌರಿಬಿನಾಯಕ

ನಡೆದದ್ದು ನಾಲ್ಕು ಗಂಟೆ, ಕುಳಿತದ್ದು ಇಡೀ ದಿನ. ಚೋಲಂಗಪಾಟಿಯ ಚಹದಂಗಡಿಯಲ್ಲಿ ಎರಡು ಲೋಟ ಬಿಸಿ ಚಹ ಕುಡಿದೆ. ಈ ಪ್ರವಾಸದಲ್ಲಿ ನಾನು ಕುಡಿದ ಅತ್ಯುತ್ತಮ ಚಹ ಅದು. ಇದನ್ನು ನೆನಪಿಡಲು ಕಾರಣವಿದೆ. ಮಧ್ಯಾಹ್ನಕ್ಕೆ ಲೌರಿಬಿನಾಯಕ. ಲೌರಿ ಎಂದರೆ ಊರುಗೋಲು, ಬಿನಾಯಕ ನಮ್ಮ ವಿನಾಯಕನೇ. ಸ್ವಚ್ಛ ದಿನವಾದರೆ ಗಣೇಶ ಹಿಮಾಲ್, ಲಾಂಗ್ಟಾಂಗ್ ಲಿರುಂಗ್, ಮನಾಸ್ಲು ಎಲ್ಲ ಕಾಣುತ್ತವಂತೆ. ಕಂಡದ್ದು ಬಿಳಿ ಮೋಡ, ಅದರ ಹಿಂದೆ ಇನ್ನಷ್ಟು ಬಿಳಿ ಮೋಡ.

ತಗಡಿನ ಮಾಡಿನ ಮೇಲೆ ಮಳೆ ಬೀಳುತ್ತಿತ್ತು. ಒಲೆಯ ಸುತ್ತ ಕುಳಿತ ಯಾತ್ರಿಕರಲ್ಲಿ ಯಾರೋ ಆಗಾಗ ಒಂದು ಢ್ಯಾಂಗ್ರೋವನ್ನು ಕೆಂಡದ ಮೇಲೆ ಹಿಡಿದು ಕಾಯಿಸುತ್ತಿದ್ದರು. ತೇವಕ್ಕೆ ಚರ್ಮ ಸಡಿಲಾದರೆ ದನಿ ಸಾಯುತ್ತದೆ. ಬೆರಳ ತುದಿಯಿಂದ ತಟ್ಟಿ ಕೇಳುವುದು, ಮತ್ತೆ ಕಾಯಿಸುವುದು. ದೇವರನ್ನು ಕರೆಯುವ ವಾದ್ಯವೂ ಹಪ್ಪಳದ ಹಾಗೆ ಮಳೆಗಾಲಕ್ಕೆ ಹೆದರುತ್ತದೆ ಎಂಬುದು ನನಗೆ ಸಮಾಧಾನ ತಂದಿತು.

ಆ ಬೆಂಕಿಯ ಮುಂದೆ ಓದಿದ್ದೆಲ್ಲ ನೆನಪಾಯಿತು. ಸೈಬೀರಿಯಾದ ಹಲವು ಜನರಿಗೆ ಶಾಮನ್ನನ ಚರ್ಮವಾದ್ಯ ಎಂದರೆ ಕುದುರೆ, ಇಲ್ಲವೇ ಜಿಂಕೆ; ಕೋಲೇ ಚಾವಟಿ. ಹತ್ತಿ ಕುಳಿತು ಮೇಲಿನ ಲೋಕಕ್ಕೋ ಕೆಳಗಿನ ಲೋಕಕ್ಕೋ ಹೋಗುವುದು. ಬೈಕಲ್ ಸರೋವರದ ಕಡೆಯ ಬುರ್ಯಾತರ ಕತೆಯೊಂದರಲ್ಲಿ ಮೊದಲ ಶಾಮನ್ನನ ವಾದ್ಯಕ್ಕೆ ಎರಡೂ ಬದಿಗೆ ಚರ್ಮವಿತ್ತು. ಸತ್ತವರ ಆತ್ಮಗಳನ್ನೂ ಅವನು ವಾಪಸು ತರುತ್ತಿದ್ದ. ದೇವರು ಪರೀಕ್ಷಿಸಲು ಒಂದು ಆತ್ಮವನ್ನು ಸೀಸೆಯಲ್ಲಿಟ್ಟು ಹೆಬ್ಬೆರಳಿನಿಂದ ಬಾಯಿ ಮುಚ್ಚಿ ಹಿಡಿದ. ಶಾಮನ್ ಕಣಜವಾಗಿ ಹಾರಿ ದೇವರ ಹಣೆಗೆ ಕುಟುಕಿದ, ಬೆರಳು ಸರಿಯಿತು, ಆತ್ಮ ಪಾರಾಯಿತು. ಸಿಟ್ಟಾದ ದೇವರು ವಾದ್ಯವನ್ನು ಒಂದೇ ಬದಿಯದಾಗಿಸಿದ. ಅಂದಿನಿಂದ ಶಾಮನ್ನರ ಶಕ್ತಿ ಅರ್ಧ. ಕೈಲಾಸಕ್ಕೂ ಇಂಥದೊಂದು ಕತೆಯಿದೆ. ಬೊನ್ ಧರ್ಮದ ಗುರು ನಾರೋ ಬೊನ್‌ಚುಂಗ್ ತನ್ನ ವಾದ್ಯವನ್ನೇರಿ ಶಿಖರಕ್ಕೆ ಹಾರಿದ. ಟಿಬೆಟಿನ ಬೌದ್ಧ ಯೋಗಿ ಮಿಲರೇಪ ಸೂರ್ಯನ ಮೊದಲ ಕಿರಣ ಹಿಡಿದು ಅವನಿಗಿಂತ ಮುಂಚೆ ತಲುಪಿದ. ಸೋತವನ ಕೈಜಾರಿ ಉರುಳಿದ ವಾದ್ಯವೇ ಪರ್ವತದ ದಕ್ಷಿಣ ಮೈಯಲ್ಲಿ ಕಾಣುವ ಉದ್ದನೆಯ ಗೀರು.

ದೇವರುಗಳು ಹೀಗೆ ಅರ್ಧ ಕಿತ್ತುಕೊಂಡರೆ ಸರಕಾರಗಳು ಇಡಿಯಾಗಿಯೇ ಕಿತ್ತುಕೊಂಡವು. ಉತ್ತರ ನಾರ್ವೆಯಲ್ಲಿ ಅಲ್ಲಿಯ ಮೂಲನಿವಾಸಿಗಳಾದ ಸಾಮಿ ಜನರ ಆಂಡರ್ಸ್ ಪೋಲ್ಸನ್ ಎಂಬ ವೃದ್ಧನಿಂದ 1691ರಲ್ಲಿ ಚಿತ್ರ ಬರೆದ ವಾದ್ಯವೊಂದನ್ನು ಜಪ್ತಿ ಮಾಡಿ, ಮಾರನೆಯ ವರ್ಷ ಮಾಟದ ಮೊಕದ್ದಮೆ ಹೂಡಿದರು. ತೀರ್ಪು ಬರುವ ಮೊದಲೇ ಅವನ ಕೊಲೆಯಾಯಿತು. ವಾದ್ಯ ಡೆನ್ಮಾರ್ಕಿನ ರಾಜಸಂಗ್ರಹ ಸೇರಿ, 2022ರಲ್ಲಿ ಸಾಮಿ ಜನರ ಕೈಗೆ ಮರಳಿತು. ಸೋವಿಯತ್ ಕಾಲದ ಸೈಬೀರಿಯಾದಲ್ಲೂ ಹೀಗೆಯೇ ಎಷ್ಟೋ ವಾದ್ಯಗಳು ವಸ್ತುಸಂಗ್ರಹಾಲಯಗಳಿಗೆ ಹೋದವು, ಇಲ್ಲವೇ ಬೆಂಕಿಗೆ.

ಇನ್ನು ವಿಜ್ಞಾನಿಗಳು. 1960ರ ದಶಕದ ಆರಂಭದಲ್ಲಿ ಆಂಡ್ರ್ಯೂ ನೇಹರ್ ಪ್ರಯೋಗಾಲಯದಲ್ಲಿ ಜನರ ತಲೆಗೆ ತಂತಿ ಅಂಟಿಸಿ ಬಡಿತ ಕೇಳಿಸಿದರು. ಮೆದುಳಿನ ಅಲೆಗಳು ಬಡಿತದ ಲಯವನ್ನು ಹಿಂಬಾಲಿಸುತ್ತವೆ, ಆವೇಶಕ್ಕೆ ಕಾರಣ ಇದೇ ಎಂದರು. ಫ್ರಾನ್ಸಿನ ಸಂಗೀತ ವಿದ್ವಾಂಸ ಗಿಲ್ಬರ್ ರೂಜೆ ಇದನ್ನು ಒಪ್ಪಲಿಲ್ಲ. ಹಾಗಿದ್ದರೆ ಆಫ್ರಿಕಾದ ಅರ್ಧದಷ್ಟು ಜನ ವರ್ಷವಿಡೀ ಮೈಮರೆತೇ ಇರಬೇಕಾಗಿತ್ತು ಎಂದು ಚುಚ್ಚಿದರು. ನಾನು ರೂಜೆಯ ಪಕ್ಷ. ಒಲೆಯ ಪಕ್ಕದಲ್ಲಿ ಒಬ್ಬ ಶಿಷ್ಯ ಎರಡು ಗಂಟೆ ಅಭ್ಯಾಸ ಮಾಡಿದ. ಯಾರ ಮೈಮೇಲೂ ಯಾರೂ ಬರಲಿಲ್ಲ. ಒಬ್ಬ ಹೆಂಗಸು ಮಾತ್ರ ಹೊರಗೆ ಹೋಗಿ ಬಾರಿಸು ಎಂದು ಗದರಿದಳು.

ಐದನೆಯ ದಿನ: ಗೋಸಾಯಿಂಕುಂಡ

ಬೆಟ್ಟದ ಬದಿಯನ್ನು ಕೊರೆದ ಕಿರಿದಾದ ಹಾದಿ. ಕೆಳಗೆ ಮೊದಲು ಸರಸ್ವತಿ ಕುಂಡ, ಆಮೇಲೆ ಭೈರವ ಕುಂಡ, ತಿರುವು ದಾಟಿದರೆ ಗೋಸಾಯಿಂಕುಂಡ. ಬೂದು ಬಣ್ಣದ ನೀರು, ಸುತ್ತ ಬೋಳು ಬಂಡೆ. ಹಾಲಾಹಲ ಕುಡಿದು ಗಂಟಲು ಉರಿದ ಶಿವ ಇಲ್ಲಿ ಬಂಡೆಗೆ ತ್ರಿಶೂಲ ಹೊಡೆದು ನೀರು ಚಿಮ್ಮಿಸಿದನಂತೆ. ತ್ರಿಶೂಲಿ ನದಿಯ ಹೆಸರೂ ಅದರಿಂದಲೇ. ಚಳಿಗಾಲದಲ್ಲಿ ಇದು ಹೆಪ್ಪುಗಟ್ಟಿರುತ್ತದೆ. 2007ರಲ್ಲಿ ಈ ಸರೋವರಗಳ ಗುಂಪು ಜೌಗುನೆಲಗಳನ್ನು ಕಾಪಾಡುವ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿತು. ಆದರೆ ಆವತ್ತು ಜನೈ ಪೂರ್ಣಿಮೆಗೆಂದು ಅಲ್ಲಿ ಸೇರಿದ್ದ ಸಾವಿರಾರು ಜನರ ಪ್ಲಾಸ್ಟಿಕ್ ಹೊದಿಕೆಗಳನ್ನು ನೋಡಿದರೆ ಪಟ್ಟಿಯಲ್ಲಿದ್ದು ಪ್ರಯೋಜನವೇನೆಂಬ ಅನುಮಾನ ಬಂತು.

ತಲೆ ಸಿಡಿಯುತ್ತಿತ್ತು. ಸ್ವಯಂಸೇವಕ ವೈದ್ಯರ ಬಿಡಾರದಲ್ಲಿ ಯುವ ವೈದ್ಯೆಯೊಬ್ಬರು ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ನೋಡಿ, ಮಾತ್ರೆ ಕೊಟ್ಟು, "ರಾತ್ರಿ ಹೆಚ್ಚಾದರೆ ಕಾಯಬೇಡಿ, ಇಳಿದುಬಿಡಿ" ಎಂದರು. ನನ್ನ ಹಿಂದಿನ ಸಾಲಿನಲ್ಲಿ ನವಿಲುಗರಿಯ ತಲೆಯುಡುಗೆ ತೊಟ್ಟ ಝಾಂಕ್ರಿಯೊಬ್ಬರು ಅದೇ ಮಾತ್ರೆಗಾಗಿ ನಿಂತಿದ್ದರು.

ಕತ್ತಲಾದ ಮೇಲೆ ಶುರುವಾಯಿತು. ಒಂದೊಂದು ಕಣಿವೆಯಿಂದ ಒಂದೊಂದು ಗುಂಪು: ಮುಂದೆ ಬೊಂಬೊ, ಹಿಂದೆ ಶಿಷ್ಯರು, ಅವರ ಹಿಂದೆ ಊರಿನವರು. ಬಿಳಿಯ ನೆರಿಗೆಯ ಜಾಮಾ, ಎದೆಯ ಮೇಲೆ ಅಡ್ಡಡ್ಡ ರುದ್ರಾಕ್ಷಿ ಮತ್ತು ಅಂಟುವಾಳದ ಕಾಯಿಯ ಮಾಲೆ, ಸೊಂಟದಲ್ಲಿ ಗಂಟೆಗಳು. ಢ್ಯಾಂಗ್ರೋವನ್ನು ಎಡಗೈಯಲ್ಲಿ ಮುಖಕ್ಕೆ ಅಡ್ಡ ಹಿಡಿದು ಬಾರಿಸುತ್ತಾರೆ. ಮುಖ ಕಾಣುವುದಿಲ್ಲ, ಚರ್ಮದ ಹಿಂದಿನಿಂದ ಹಾಡು ಮಾತ್ರ ಬರುತ್ತದೆ. ಕುಂಡಕ್ಕೆ ಸುತ್ತು ಬರುತ್ತಾ, ನಿಲ್ಲುತ್ತಾ, ಮತ್ತೆ ನಡೆಯುತ್ತಾ ರಾತ್ರಿಯಿಡೀ. ಒಂದು ಗುಂಪಿನ ಲಯ ಇನ್ನೊಂದಕ್ಕೆ ಹೊಂದುವುದಿಲ್ಲ, ಹೊಂದಿಸುವ ಇರಾದೆಯೂ ಯಾರಿಗೂ ಇಲ್ಲ. ನನ್ನ ಕಪಾಲದೊಳಗಿನ ಬಡಿತವೂ ಸೇರಿ ಹತ್ತು ಹನ್ನೆರಡು ಲಯಗಳು ಒಟ್ಟಿಗೆ ನಡೆದವು.

ಕೇಳುಗರಿಗೆಂದು ಬಾರಿಸುವ ವಾದ್ಯ ಇದಲ್ಲ ಎಂದು ಅಲ್ಲಿ ತಿಳಿಯಿತು. ಯಾರೂ ಕಿವಿಗೊಟ್ಟು ನಿಂತಿರಲಿಲ್ಲ. ಕೆಲವರು ನೂಡಲ್ಸ್ ತಿನ್ನುತ್ತಿದ್ದರು. ನೇಗಿಲು ಹೊಡೆಯುವವನನ್ನು ಯಾರು ನಿಂತು ನೋಡುತ್ತಾರೆ? ಹೊಸದಾಗಿ ದೀಕ್ಷೆ ಪಡೆದವರು ಶಕ್ತಿ ಬೇಡಲು, ಹಳಬರು ಸವೆದ ಶಕ್ತಿಯನ್ನು ತುಂಬಿಸಿಕೊಳ್ಳಲು ಬಂದಿದ್ದರು. ಅವರಿಗೆ ಅದು ಕೆಲಸ.

ಆರನೆಯ ದಿನ

ನಸುಕಿನಲ್ಲಿ ಜನ ಕುಂಡಕ್ಕೆ ಇಳಿದು ಮುಳುಗೆದ್ದರು. ನಾನು ಪಾದ ಅದ್ದಿದೆ. ಅಷ್ಟಕ್ಕೇ ಪುಣ್ಯ ಮೊಣಕಾಲಿನವರೆಗೆ ಏರಿ ನೋಯತೊಡಗಿತು. ಕೈಗೆ ದಾರ ಕಟ್ಟಿಸಿಕೊಂಡು ಇಳಿದೆವು. ಮೇಮೆ ತಮ್ಮ ಢ್ಯಾಂಗ್ರೋಗೆ ಕುಂಡದ ನೀರು ಚಿಮುಕಿಸಿ, ಅದರ ಕಿವಿಯಲ್ಲೋ ಎಂಬಂತೆ ಏನೋ ಹೇಳಿ, ಶಾಲು ಸುತ್ತಿದರು. ಹುಡುಗ ಮೇಮೆಯನ್ನು ಕೇಳಿದ: ತನ್ನ ಚಿಕ್ಕಮ್ಮನಿಗೆ ನಿದ್ದೆ ಬರುತ್ತಿಲ್ಲ, ನಾಳೆ ರಾತ್ರಿ ಚಿಂತಾ ಕೂರುತ್ತೀರಾ? ಮೇಮೆ ನನ್ನ ಕಡೆಗೆ ನೋಡಿ, "ಈ ಅತಿಥಿಯೂ ಬರಲಿ, ದಾರಿ ನಡೆದವರಲ್ಲವೇ" ಎಂದರು.

ಏಳನೆಯ ದಿನ: ಧುಂಚೆಯ ಕೆಳಗಿನ ಹಳ್ಳಿ

ಚಿಂತಾ ಎಂದರೆ ರಾತ್ರಿಯಿಡೀ ಕೂತು ನಡೆಸುವ ಪೂಜೆ, ಚಿಕಿತ್ಸೆ. ಚಿಕ್ಕಮ್ಮನ ದನದ ಕೊಟ್ಟಿಗೆಯನ್ನು ಕಳೆದ ತಿಂಗಳು ಗುಡ್ಡ ಕುಸಿದು ಎಳೆದುಕೊಂಡು ಹೋಗಿತ್ತು. ಅಂದಿನಿಂದ ಊಟ ಸೇರದು, ನಿದ್ದೆ ಬಾರದು. ಆರೋಗ್ಯ ಕೇಂದ್ರದ ಮಾತ್ರೆಯೂ ನಡೆದಿತ್ತು. ಯಾರೂ ಅದನ್ನು ಬೇಡವೆಂದಿರಲಿಲ್ಲ. ಆದರೆ ಸಾತೋ ಹೋಗಿದೆ ಎಂದರು ಮನೆಯವರು. ಬೆಚ್ಚಿದಾಗ ದೇಹ ಬಿಟ್ಟು ಅಲೆಯುವ ಜೀವಚೈತನ್ಯವೇ ಸಾತೋ.

ಒಲೆಯ ಪಕ್ಕದಲ್ಲಿ ಹಿತ್ತಾಳೆ ತಟ್ಟೆಯ ತುಂಬ ಅಕ್ಕಿ, ಮೊಟ್ಟೆ, ದೀಪ, ತೀತೆಪಾತಿ ಸೊಪ್ಪು, ಒಂದು ಬಾಟಲಿ ರಕ್ಸಿ ಎಂಬ ಸಾರಾಯಿ. ಧೂಪಿಯ ಎಲೆ ಹೊಗೆಯಾಡುತ್ತಿತ್ತು. ಮೇಮೆ ಚಕ್ಕಳಮಕ್ಕಳ ಹಾಕಿ ಕುಳಿತು ಢ್ಯಾಂಗ್ರೋ ಕಾಯಿಸಿದರು, ತಟ್ಟಿ ಕೇಳಿದರು, ಮೆಲ್ಲಗೆ ಬಾರಿಸತೊಡಗಿದರು. ಮೊದಲ ಒಂದು ಗಂಟೆ ಗುರುಗಳ ಹೆಸರು, ದೇವರುಗಳ ಹೆಸರು. ಆಮೇಲೆ ತೊಡೆ ಅದುರಿತು, ನಡುಕ ಮೇಲೇರಿತು, ಗಂಟೆಗಳೆಲ್ಲ ಒಮ್ಮೆಲೇ ಕುಲುಕಿದವು. ಬಡಿತ ಬಿರುಸಾಯಿತು. ನಂತರ ಥಟ್ಟನೆ ನಿಂತು, ನಡಿಗೆಯ ಲಯಕ್ಕೆ ಬಂತು. ನಿಜವಾಗಿಯೂ ನಡಿಗೆ: ಏರಿನಲ್ಲಿ ಹೆಜ್ಜೆ ಇಡುವವನ ನಿಧಾನ.

"ಈಗ ಹೊರಟರು" ಎಂದು ಹುಡುಗ ಪಿಸುಗುಟ್ಟಿದ. "ಒಲೆ. ಹೊಸಿಲು. ಅಂಗಳ. ನೀರಿನ ಝರಿ. ಚೌತಾರಾ ಕಟ್ಟೆ."

ಅವರು ಹಾಡುತ್ತಿದ್ದದ್ದು ಜಾಗಗಳ ಹೆಸರು, ಒಂದಾದ ಮೇಲೆ ಒಂದು. ಪ್ರತಿ ಹೆಸರಿಗೂ ಒಂದು ಪೆಟ್ಟನ್ನು ಬಾರಿಸದೆ ಬಿಡುತ್ತಿದ್ದರು. ಆ ಖಾಲಿ ಪೆಟ್ಟಿನಲ್ಲಿ ಅವರು ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಸಾತೋ ಎಲ್ಲಿ ಬಿದ್ದಿದೆಯೆಂದು ಪ್ರತಿ ನಿಲ್ದಾಣದಲ್ಲೂ ಕೇಳಿಕೊಂಡು ಮುಂದಕ್ಕೆ ಹೋಗಬೇಕು. ಭಾಷೆ ತಿಳಿಯದ ನಾನು ಹೊಗೆಗೆ ಕಣ್ಣುಜ್ಜುತ್ತಾ ಕುಳಿತಿದ್ದೆ. ಆಗ ಧುಂಚೆ ಎಂದು ಕೇಳಿತು. ಬೆನ್ನು ನೆಟ್ಟಗಾಯಿತು. ಸ್ವಲ್ಪ ಹೊತ್ತಿಗೆ ದೇವರಾಲಿ. ನನ್ನ ಮೀನಖಂಡಗಳಿಗೆ ಆ ಮೆಟ್ಟಿಲು ನೆನಪಿತ್ತು. ಚಂದನಬಾರಿ. ಲೌರಿಬಿನಾಯಕ. ಬಡಿತ ಇಲ್ಲಿ ಇನ್ನೂ ನಿಧಾನವಾಯಿತು. ಉಸಿರು ಸಾಲದ ಎತ್ತರ. ಸರಸ್ವತಿ ಕುಂಡ, ಭೈರವ ಕುಂಡ. ಯಾರೂ ಹೇಳಿಕೊಡದೆ ನಾನು ಮುಂದಿನ ಹೆಸರನ್ನು ಅವರಿಗಿಂತ ಮೊದಲು ಬಾಯಲ್ಲೇ ಅಂದುಕೊಳ್ಳುತ್ತಿದ್ದೆ. ಗೋಸಾಯಿಂಕುಂಡಕ್ಕೆ ಬಂದಾಗ ಚಿಕ್ಕಮ್ಮ ಕೈಮುಗಿದರು.

ಢ್ಯಾಂಗ್ರೋ ಅಲ್ಲಿ ನಿಲ್ಲಲಿಲ್ಲ. ನಾನು ಕಾಣದ ಕಣಿವೆಗಳ ಹೆಸರು ಬಂದವು. ಆಮೇಲೆ ಟಿಬೆಟ್ ಗಡಿಯಾಚೆಯ ಕೇರುಂಗ್. ಅದರಾಚೆಯ ಹೆಸರುಗಳು ಹುಡುಗನಿಗೂ ಗೊತ್ತಿರಲಿಲ್ಲ. ಅವನು ಪಿಸುಗುಟ್ಟುವುದನ್ನು ಬಿಟ್ಟ. ನಡುರಾತ್ರಿ ಕಳೆದು ಎಷ್ಟೋ ಹೊತ್ತಿಗೆ ಮೇಮೆ ಢ್ಯಾಂಗ್ರೋವನ್ನು ತಟ್ಟೆಯಂತೆ ಅಡ್ಡ ಹಿಡಿದು, ಅದರ ಮೇಲೆ ಏನನ್ನೋ ಹೊತ್ತವರ ಎಚ್ಚರದಲ್ಲಿ ತಿರುಗಿದರು. ಮತ್ತೆ ಅದೇ ಹೆಸರುಗಳು, ಹಿಂದುಮುಂದಾಗಿ. ಇಳಿಜಾರಿನಲ್ಲಿ ಬಡಿತ ಬೇಗ. ಅಂಗಳ, ಹೊಸಿಲು, ಒಲೆ. ಚಿಕ್ಕಮ್ಮನ ನೆತ್ತಿಗೆ ನಾಲ್ಕು ಕಾಳು ಅಕ್ಕಿ. ಅವರು ಗೋಡೆಗೆ ಒರಗಿದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿತು. ಆ ನಿದ್ದೆಯ ಕಾರಣ ಢ್ಯಾಂಗ್ರೋ ಇರಬಹುದು, ಮಾತ್ರೆ ಇರಬಹುದು, ಬೆಳಗಿನ ಜಾವ ನಾಲ್ಕು ಗಂಟೆಯೂ ಇರಬಹುದು.

ಎಂಟನೆಯ ದಿನ, ಬೆಳಿಗ್ಗೆ

ಬಸ್ಸಿಗೆ ಹೊರಡುವ ಮುಂಚೆ ಮೇಮೆ ಜಗಲಿಯ ಮೇಲೆ ಕುಳಿತು ಬಲಭುಜವನ್ನು ತಿಕ್ಕಿಕೊಳ್ಳುತ್ತಿದ್ದರು. ನನ್ನ ಬಳಿಯಿದ್ದ ನೋವಿನ ಮುಲಾಮು ಕೊಟ್ಟೆ. ಹಚ್ಚಿಕೊಂಡು, ಮೂಸಿ, ಡಬ್ಬಿಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಹುಡುಗನ ಮೂಲಕ ಕೇಳಿದರು: "ನಿನ್ನೆ ದಾರಿ ಸರಿಯಿತ್ತೇ? ನೀವು ಈಗಷ್ಟೇ ನಡೆದು ಬಂದವರು, ಹೇಳಿ."

"ಎಲ್ಲ ಸರಿ ಗುರು, ಒಂದು ಜಾಗ ಬಿಟ್ಟುಹೋಯಿತು" ಎಂದೆ. "ಚೋಲಂಗಪಾಟಿ ಬರಲೇ ಇಲ್ಲ. ನಾನಲ್ಲಿ ಕುಳಿತು ಎರಡು ಲೋಟ ಚಹ ಕುಡಿದಿದ್ದೆ."

ಹುಡುಗ ಅನುವಾದಿಸಲು ಹಿಂಜರಿದ. ಕೊನೆಗೆ ಹೇಳಿದಾಗ ಮೇಮೆ ಹಲ್ಲಿಲ್ಲದ ಬಾಯಿ ತೆರೆದು ಬಹಳ ಹೊತ್ತು ನಕ್ಕರು.

"ನನ್ನ ಗುರು ಅಲ್ಲಿ ಕುಳಿತಿರಲಿಲ್ಲ" ಎಂದರು. "ಅವರು ಕುಳಿತಲ್ಲಿ ಮಾತ್ರ ನಾನು ಕೂರಬಹುದು."